ರೊಟ್ಟಿ ಬಡಿದರೆ ಎಷ್ಟು ಹೆಜ್ಜೆ?

ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆ ಮುಗಿಸಿ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂರುವ ನಾಲ್ವರಲ್ಲಿ ಅಂದು ಮೂವರು ಮಾತ್ರ ಬಂದಿದ್ದರು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಏಳು ಗಂಟೆಯ ನಂತರ ನಡೆಯುವುದನ್ನು ವ್ಯಾಯಾಮವೆನ್ನಲಾಗದು, ತಪಸ್ಸೆನ್ನಬೇಕು. ಆದ್ದರಿಂದ ಆರೂವರೆಗೇ ನಡಿಗೆ ಮುಗಿದು ಹರಟೆ ಶುರುವಾಗುವುದು ವಾಡಿಕೆ. ನಡಿಗೆಗೆ ಇಪ್ಪತ್ತು ನಿಮಿಷ, ಹರಟೆಗೆ ನಲವತ್ತು ನಿಮಿಷ ಎಂಬ ಈ ಹಂಚಿಕೆಗೆ ಇದುವರೆಗೆ ಯಾರೂ ಆಕ್ಷೇಪ ಎತ್ತಿಲ್ಲ. (ಅವರು ಆಡಿದ್ದು ಅಪ್ಪಟ ಕಲಬುರಗಿಯ ಮಾತು. ಅದನ್ನು ಇದ್ದಂತೆಯೇ ಬರೆದರೆ ತುಂಗಭದ್ರೆಯ ಆಚೆಯವರು ಅರ್ಥ ಕೇಳುತ್ತಾರೆಂದು ಇಲ್ಲಿ ಗ್ರಂಥಸ್ಥ ಕನ್ನಡಕ್ಕೆ ತಂದಿದ್ದೇನೆ. ಓದುವವರು ಬೇಕಾದಲ್ಲಿ ತಾವೇ ಒಂದಿಷ್ಟು ಹಿಂಡಿ ಖಾರ ಸೇರಿಸಿಕೊಳ್ಳಬಹುದು.)

ಸವಿತಾ ಬರುವುದು ತಡವಾಯಿತು. ಬಂದಾಗ ಕಂಕುಳಲ್ಲಿ ಎರಡು ವರ್ಷದ ಮಗಳಿದ್ದಳು, ಹೆಗಲಿಗೆ ಚೀಲವಿತ್ತು, ಚೀಲದಿಂದ ಒಂದು ನೋಟುಪುಸ್ತಕವೂ ಅರ್ಧ ಸುಲಿದ ಬಾಳೆಹಣ್ಣೂ ಒಟ್ಟಿಗೇ ಇಣುಕುತ್ತಿದ್ದವು.

ಶರಣಮ್ಮನವರು ಕಾದಿದ್ದೇ ಅವಳಿಗಾಗಿ. “ಸವಿತಾ, ನಮ್ಮ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ನೀನೇ ಮುಖ್ಯ ಭಾಷಣಕಾರ್ತಿ. ನೀನು ಎರಡು ಮಕ್ಕಳ ತಾಯಿ, ಕಥೆ ಬರೆಯುತ್ತೀ, ದಿನಾ ನಡೆಯುತ್ತೀ, ಭಾನುವಾರ ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರಿಗೆ ರೊಟ್ಟಿ ಹಂಚುತ್ತೀ. ಇವೆಲ್ಲದರ ನಡುವೆ ಸಮತೋಲನ ಸಾಧಿಸುವುದು ಹೇಗೆಂದು ಇಪ್ಪತ್ತು ನಿಮಿಷ ಮಾತನಾಡು. ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ ಇರುತ್ತದೆ.”

“ಇಪ್ಪತ್ತು ನಿಮಿಷ ಇದ್ದರೆ ನಾನು ಮಲಗುತ್ತೇನೆ ಶರಣಮ್ಮಕ್ಕ,” ಎಂದಳು ಸವಿತಾ.

ನಿವೃತ್ತ ಕನ್ನಡ ಶಿಕ್ಷಕಿ ಕಮಲಾಬಾಯಿಯವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆಂದರೆ ಯಾರದೋ ಉತ್ತರಪತ್ರಿಕೆಗೆ ಕೆಂಪು ಶಾಯಿ ಬೀಳುತ್ತದೆಂದೇ ಅರ್ಥ. “ಶರಣಮ್ಮ, ಸಮತೋಲನ ತಕ್ಕಡಿಯ ಮಾತು. ತಕ್ಕಡಿಗೆ ಇರುವುದು ಎರಡು ತಟ್ಟೆ. ನೀವು ನಾಲ್ಕು ಹೆಸರು ಹೇಳಿದಿರಿ. ನಾಲ್ಕು ತಟ್ಟೆಯ ತಕ್ಕಡಿ ನಮ್ಮ ತೊಗರಿ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ. ಅದೂ ಹೋಗಲಿ, ತಟ್ಟೆಯಲ್ಲಿ ಕೂತಿರುವುದು ತೊಗರಿಯಲ್ಲ, ಕಪ್ಪೆಗಳು. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ.”

ಮಾತಿಗೆ ಸರಿಯಾಗಿ ಸವಿತಾಳ ಮಗಳು ಕಂಕುಳಿಂದ ಜಿಗಿದು ರಜಿಯಾಳ ಕೈ ಹಿಡಿದಳು. ಅವಳಿಗೆ ಬೇಕಾಗಿದ್ದುದು ರಜಿಯಾಳಲ್ಲ, ರಜಿಯಾಳ ಮಣಿಕಟ್ಟಿನಲ್ಲಿ ಮಿನುಗುತ್ತಿದ್ದ ಹೊಸ ಗಡಿಯಾರ. ಸೌದಿಯಲ್ಲಿರುವ ಮಗ ಕಳೆದ ತಿಂಗಳು ಕಳುಹಿಸಿದ್ದು. ಅದು ಹೊತ್ತು ಹೇಳುವುದು ಬೇಸರಕ್ಕೆ. ಅದರ ನಿಜವಾದ ಉದ್ಯೋಗ ಹೆಜ್ಜೆ ಎಣಿಸುವುದು. ದಿನಕ್ಕೆ ಹತ್ತು ಸಾವಿರವಾದರೆ ಪುಟ್ಟ ಪರದೆಯಲ್ಲಿ ಪಟಾಕಿ ಹಾರಿಸುತ್ತದೆ, ಆಗದಿದ್ದರೆ ಮುನಿಸಿಕೊಳ್ಳುತ್ತದೆ.

“ಈ ಹತ್ತು ಸಾವಿರವನ್ನು ವಿಧಿಸಿದವರು ಯಾವ ವೈದ್ಯರು?” ಎಂದು ಶರಣಮ್ಮ ಭಕ್ತಿಯಿಂದ ಕೇಳಿದರು.

“ವೈದ್ಯರಲ್ಲ, ವ್ಯಾಪಾರಿಗಳು,” ಎಂದರು ಕಮಲಾಬಾಯಿ. ಈ ಗಡಿಯಾರ ಬಂದ ದಿನದಿಂದ ಅವರಿಗೆ ಅದರ ಮೇಲೆ ಹಗೆ; ಹಗೆ ಸಾಧಿಸಲೆಂದೇ ಅದರ ಪೂರ್ವಾಪರವನ್ನು ಓದಿಕೊಂಡು ಬಂದಿದ್ದರು. “1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದು ಜಪಾನಿನಲ್ಲಿ ಎಲ್ಲರಿಗೂ ವ್ಯಾಯಾಮದ ಹುಚ್ಚು ಹಿಡಿದಿತ್ತು. ಮರುವರ್ಷ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕಿಟ್ಟು ‘ಮಾನ್‌ಪೊ ಕೆಯಿ’ ಎಂದು ಹೆಸರಿಟ್ಟಿತು. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಯಂತ್ರಕ್ಕಿಟ್ಟ ಹೆಸರೇ ಲೋಕಕ್ಕೆಲ್ಲ ನಿಯಮವಾಯಿತು. ಜಪಾನೀಯರು ಹತ್ತು ಸಾವಿರಕ್ಕೆ ಬರೆಯುವ ಅಕ್ಷರ ಕಾಲು ಬೀಸಿ ನಡೆಯುವ ಮನುಷ್ಯನಂತೆ ಕಾಣುತ್ತದೆ, ಅದರಿಂದ ಜಾಹೀರಾತಿಗೂ ಅನುಕೂಲವಾಯಿತು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿದರೆ ಅದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಮಾಡಿ ಎನ್ನುತ್ತದೆ. ಹೆಜ್ಜೆಯ ಸುದ್ದಿಗೇ ಹೋಗುವುದಿಲ್ಲ. 2019ರಲ್ಲಿ ಅಮೆರಿಕದ ಸಂಶೋಧಕರು ನನ್ನ ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಎಣಿಸುವ ಯಂತ್ರ ಕಟ್ಟಿ ನೋಡಿದಾಗ, ಸುಮಾರು ಏಳೂವರೆ ಸಾವಿರ ಹೆಜ್ಜೆಯ ಆಚೆಗೆ ಆಯುಷ್ಯದಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ.”

“ಅಂದರೆ ಉಳಿದ ಎರಡೂವರೆ ಸಾವಿರ?”

“ಪಟಾಕಿಗಾಗಿ.”

ರಜಿಯಾ ಅಲ್ಲಿಯವರೆಗೆ ಸುಮ್ಮನಿದ್ದವಳು ಈಗ ಗುಟ್ಟೊಂದನ್ನು ಬಿಚ್ಚಿದಳು. “ಅಕ್ಕೋರೇ, ನೀವು ಇದನ್ನು ಬೈದರೆ ಬೈಯಿರಿ. ಆದರೆ ನಿನ್ನೆ ಒಂದು ವಿಚಿತ್ರವಾಯಿತು. ಇದನ್ನು ಬಲಗೈಗೆ ಕಟ್ಟಿಕೊಂಡೇ ರೊಟ್ಟಿ ಬಡಿಯಲು ಕೂತೆ. ಹನ್ನೆರಡು ರೊಟ್ಟಿ ಬಡಿದು ಎದ್ದು ನೋಡಿದರೆ, ಒಲೆಯ ಮುಂದಿನಿಂದ ಕದಲದ ನಾನು 840 ಹೆಜ್ಜೆ ನಡೆದಿದ್ದೆ!”

ಬೆಂಚಿನ ಮೇಲೆ ಒಂದು ಕ್ಷಣ ಮೌನ ಕವಿಯಿತು. ಆಮೇಲೆ ಸವಿತಾ ಬೆರಳು ಮಡಚಿ ಲೆಕ್ಕ ಹಾಕಿ, “ರೊಟ್ಟಿಗೆ ಎಪ್ಪತ್ತು ಹೆಜ್ಜೆ!” ಎಂದಳು. ಗಡಿಯಾರ ಎಣಿಸುವುದು ಕಾಲನ್ನಲ್ಲ, ಕೈಯ ತಾಳವನ್ನು. ನಡೆಯುವಾಗ ಕೈ ಬೀಸುವ ಲಯವೂ ಹಿಟ್ಟಿನ ಮೇಲೆ ಅಂಗೈ ಬೀಳುವ ಲಯವೂ ಅದಕ್ಕೆ ಒಂದೇ. ಮರ್ಮ ತಿಳಿದದ್ದೇ ತಡ, ಸವಿತಾಳ ಮುಖ ಇಳಿಯಿತು. ಅವಳು ಮಗಳನ್ನು ಎತ್ತಿಕೊಂಡು ಕೆರೆಯನ್ನು ಸುತ್ತಿ ಬಂದ ದಿನಗಳಲ್ಲಿ ಮೊಬೈಲನ್ನು ಚೀಲದಲ್ಲಿಟ್ಟು ಇಂಥದೇ ಒಂದು ಹಳೆಯ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದಳಂತೆ. ಮಗುವನ್ನು ಅಪ್ಪಿದ ಕೈ ಬೀಸುವುದಿಲ್ಲವಾದ್ದರಿಂದ ಅದು ಅಷ್ಟೂ ದಾರಿಗೆ ನೂರು ಹೆಜ್ಜೆಯನ್ನೂ ಕೊಟ್ಟಿರಲಿಲ್ಲ.

“ಕೇಳಿದಿರಾ,” ಎಂದರು ಕಮಲಾಬಾಯಿ, “ಹನ್ನೆರಡು ಕಿಲೋ ಮಗುವನ್ನು ಹೊತ್ತು ನಡೆದರೆ ನಡಿಗೆಯಲ್ಲ, ಮಗುವನ್ನು ಕೆಳಗೆ ಬಿಟ್ಟು ಕೈ ಬೀಸಿಕೊಂಡು ಹೋದರೆ ನಡಿಗೆ. ಈ ಯಂತ್ರವನ್ನು ಮಾಡಿದವನು ಖಂಡಿತವಾಗಿ ಯಾರದೋ ಗಂಡ.”

“ಅಷ್ಟೇ ಅಲ್ಲ,” ಸವಿತಾಳಿಗೆ ಈಗ ಹುರುಪು ಬಂದಿತ್ತು. “ರಾತ್ರಿ ಹತ್ತಕ್ಕೆ ಮಕ್ಕಳು ಮಲಗಿ, ಅತ್ತೆಯವರ ಮಾತ್ರೆ ಮುಗಿದು, ಮೊಸರಿಗೆ ಹೆಪ್ಪು ಹಾಕಿ ಬರೆಯಲು ಕೂರುತ್ತೇನೆ. ದಿನವಿಡೀ ನಾನು ಕೂತಿದ್ದನ್ನು ಕಂಡವರಿಲ್ಲ. ಆಗ ಕೈಯಲ್ಲಿ ಗುಂಯ್ ಎನ್ನುತ್ತದೆ. ‘ತುಂಬ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ಓಡಾಡಿ’ ಎಂದು! ನನ್ನ ಕಥೆಯ ನಾಯಕಿ ಹಳೆಯ ಸ್ನೇಹಿತೆಯ ಮನೆಗೆ ಬಂದು ಬಾಗಿಲು ತಟ್ಟಲು ಕೈ ಎತ್ತಿ ಮೂರು ವಾರವಾಯಿತು. ಪಾಪ, ಆ ಕೈಯನ್ನು ಇಳಿಸುವಂತಿಲ್ಲ, ತಟ್ಟುವಂತಿಲ್ಲ. ಮೊನ್ನೆ ತಟ್ಟಿಸಿಬಿಡೋಣವೆಂದು ನೋಟುಪುಸ್ತಕ ತೆರೆದರೆ ಅದೇ ಪುಟದಲ್ಲಿ ನಮ್ಮ ಯಜಮಾನರು ದಿನಸಿಯ ಪಟ್ಟಿ ಬರೆದಿದ್ದರು. ಈಗ ಅವಳು ಎರಡು ಕಿಲೋ ಶೇಂಗಾ, ಒಂದು ಕಿಲೋ ಬೆಲ್ಲದ ಕೆಳಗೆ ನಿಂತಿದ್ದಾಳೆ.”

“ಅವಳಿಗೆ ಹಸಿವಾಗಲಿಲ್ಲವಲ್ಲ, ಅಷ್ಟಕ್ಕೆ ಸಮಾಧಾನಪಡು,” ಎಂದು ರಜಿಯಾ ನಕ್ಕಳು.

ಯಜಮಾನರ ಪ್ರಸ್ತಾಪ ಬಂದದ್ದರಿಂದ ಶರಣಮ್ಮ ಗಂಡಸರ ಪರ ವಹಿಸುವುದು ಸಭಾಮರ್ಯಾದೆಯೆಂದು ತಿಳಿದು, ಕಾಲ ಬದಲಾಗಿದೆ, ಈಗಿನ ಗಂಡಸರು ಮನೆಗೆಲಸದಲ್ಲಿ ಕೈಗೂಡಿಸುತ್ತಾರೆ ಎಂದರು. ಕಮಲಾಬಾಯಿ ಮತ್ತೆ ಕನ್ನಡಕ ಒರೆಸಿದರು.

“ಸರ್ಕಾರವೇ ಲೆಕ್ಕ ಮಾಡಿದೆ. ದೇಶದಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಸಮೀಕ್ಷೆ ನಡೆಸಿದೆ. ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ; ಅದೂ ಎಲ್ಲ ಗಂಡಸರಲ್ಲ, ಆ ಕೆಲಸಕ್ಕೆ ಕೈ ಹಾಕಿದ ಪುಣ್ಯಾತ್ಮರು ಮಾತ್ರ. 2024ಕ್ಕೆ ನಮ್ಮದು 289, ಅವರದು 88. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿಯಿತು. ಮಿಕ್ಸಿ, ಗ್ಯಾಸು, ನಳದ ನೀರು ಬಂದವು, ಒಪ್ಪೋಣ. ಅವರ ಒಂಬತ್ತು ನಿಮಿಷ ಎಲ್ಲಿ ಉಳಿಯಿತು? ನಮಗೆ ಬಿಡುವಾಗುವ ವೇಗದಲ್ಲೇ ಅವರೂ ಬಿಡುವು ಮಾಡಿಕೊಂಡರಲ್ಲ, ಇದನ್ನೇ ನೋಡಿ ಶರಣಮ್ಮ, ನೀವು ಹೇಳುವ ಸಮತೋಲನ.”

“ಹಾಗಾದರೆ ಭಾಷಣ ನೀವೇ ಮಾಡಿ,” ಎಂದರು ಶರಣಮ್ಮ ಸ್ವಲ್ಪ ಮುನಿಸಿನಿಂದ. ಫಲಕಕ್ಕೆ ಸವಿತಾಳ ಹೆಸರನ್ನು ಆಗಲೇ ಕೆತ್ತಲು ಕೊಟ್ಟಾಗಿತ್ತೆಂಬುದು ಅವರ ಸಂಕಟ.

“ಜಪಾನಿನ ಹತ್ತು ಸಾವಿರ ನಡೆಯುವ ಮನುಷ್ಯನಂತೆ ಕಾಣುತ್ತದೆ,” ಕಮಲಾಬಾಯಿ ಹಳೆಯ ಮಾತಿನ ಜಾಡಿಗೇ ಮರಳಿದರು. “ನಮ್ಮ ಅಂಕಿಗಳಲ್ಲಿ ರೊಟ್ಟಿಯಂತೆ ಕಾಣುವುದು ಯಾವುದು ಹೇಳಿ? ಸೊನ್ನೆಯೊಂದೇ. ಇಷ್ಟು ಕಾಲ ಲೆಕ್ಕದ ಪುಸ್ತಕದಲ್ಲಿ ರೊಟ್ಟಿಯ ಮುಂದೆ ಅದನ್ನೇ ಬರೆಯುತ್ತಾ ಬಂದಿದ್ದಾರೆ. ಮೊದಲ ಬಾರಿಗೆ ಒಂದು ಯಂತ್ರ ಎಪ್ಪತ್ತು ಎಂದಿತು, ಅದೂ ತಪ್ಪು ತಿಳಿದು.”

ಲೆಕ್ಕದ ಮಾತು ಸಮಾಜಸೇವೆಯ ಕಡೆಗೆ ಹೊರಳಿತು. ಶರಣಮ್ಮನವರ ಸಂಘದಲ್ಲಿ ಒಂದು ಸಸಿ ನೆಟ್ಟರೆ ಹನ್ನೊಂದು ಛಾಯಾಚಿತ್ರ ತೆಗೆಯುವ ಪದ್ಧತಿಯಿದೆ. ಸಸಿ ಬದುಕಿತೇ ಎಂದು ನೋಡುವ ಪದ್ಧತಿಯನ್ನು ಮುಂದಿನ ವರ್ಷದಿಂದ ಆರಂಭಿಸುವರಂತೆ. ಈ ಊರಿನ ಮಹಾದಾಸೋಹಿ ಶರಣಬಸವೇಶ್ವರರ ಕಥೆಯನ್ನು ನಾವೆಲ್ಲ ತೊಟ್ಟಿಲಲ್ಲೇ ಕೇಳಿದ್ದೇವೆ: ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಳುಹಿಸಿದರೆ, ಹಕ್ಕಿಗಳನ್ನು ಓಡಿಸುವ ಬದಲು ಅವಕ್ಕೆ ಕುಡಿಯಲು ನೀರಿಟ್ಟರು ಎಂದು. ಎಷ್ಟು ಹಕ್ಕಿ ಉಂಡವೆಂದು ಕಥೆಯಲ್ಲಿ ಬರುವುದಿಲ್ಲ. ಬಂದಿದ್ದರೆ ಫಲಕ ಸಿದ್ಧಪಡಿಸಬಹುದಿತ್ತು.

ಕಮಲಾಬಾಯಿ ಈ ಮಾತಿಗೆ ನಗಲಿಲ್ಲ. ಕೆರೆಯ ಕಡೆ ನೋಡುತ್ತ ಬೇರೆಯೇ ಮಾತು ತೆಗೆದರು.

“ನನ್ನ ಅವ್ವ ನಸುಕಿನ ನಾಲ್ಕಕ್ಕೆ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ತೊಟ್ಟಿಲಿನ ಹಗ್ಗದ ಒಂದು ತುದಿ ಅವಳ ಕಾಲಿನ ಹೆಬ್ಬೆರಳಿಗೆ. ತೊಟ್ಟಿಲಲ್ಲಿ ನನ್ನ ತಮ್ಮ. ಬೀಸುವುದಕ್ಕೆ ಪದ ಬೇಕಲ್ಲ. ಊರೊಟ್ಟಿನ ಪದ ಮುಗಿದರೆ ತಾನೇ ಕಟ್ಟುತ್ತಿದ್ದಳು. ಹಿಟ್ಟಿನಲ್ಲಿ ಒಂದು ಪಾಲು ಗಂಡ ಸತ್ತ ಪಕ್ಕದ ಮನೆಯವಳಿಗೆ ಹೋಗುತ್ತಿತ್ತು. ಶರಣಮ್ಮ ಹೇಳಿದ ನಾಲ್ಕೂ ಅಲ್ಲಿದ್ದವು, ಒಂದೇ ಗೂಟಕ್ಕೆ ಕೈಯಿಟ್ಟು ತಿರುಗಿಸುತ್ತಿದ್ದಳು. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ತೋಳಿಗೆ ಬಿಡುವಾಯಿತೆಂದು ಅವ್ವ ಗಿರಣಿಗೆ ಊದುಬತ್ತಿ ಹಚ್ಚಿ ಕೈ ಮುಗಿದಳು, ಅವಳಿಗೇನೂ ದುಃಖವಿರಲಿಲ್ಲ. ಪದ ಮಾತ್ರ ಅಂದಿಗೆ ನಿಂತವು. ನಾನು ಮೂವತ್ತು ವರ್ಷ ಮಕ್ಕಳಿಗೆ ಜನಪದ ಸಾಹಿತ್ಯದ ಪಾಠ ಮಾಡಿದೆ. ಅವ್ವನ ಒಂದು ಪದವನ್ನೂ ಬರೆದುಕೊಳ್ಳಲಿಲ್ಲ. ನನ್ನ ತಮ್ಮನನ್ನು ಚೇಷ್ಟೆ ಮಾಡುವ ಪದ ಒಂದಿತ್ತು, ಅದರ ಧಾಟಿ ನೆನಪಿದೆ, ಮಾತು ಹೋಗಿವೆ.”

ಅವರು ಮೊಣಕಾಲಿನ ಮೇಲೆ ಬೆರಳಿನಿಂದ ಆ ಧಾಟಿಯ ತಾಳ ಹಾಕಿದರು. ರಜಿಯಾ ಏನನ್ನೂ ಹೇಳದೆ ತನ್ನ ಗಡಿಯಾರದ ಮೇಲೆ ಸೆರಗು ಎಳೆದುಕೊಂಡಳು.

“ನಾನೂ ಒಂದು ಹೇಳಬೇಕು,” ಎಂದಳು ಸ್ವಲ್ಪ ಹೊತ್ತಾದ ಮೇಲೆ. “ನನ್ನ ಹೆಜ್ಜೆಯ ಲೆಕ್ಕ ಮಗನ ಮೊಬೈಲಿಗೂ ಹೋಗುತ್ತದೆ. ಅವನು ಅಲ್ಲಿ ಕೂತು ಅಮ್ಮೀ ಇವತ್ತು ಐದು ಸಾವಿರ ನಡೆದಳು, ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತಾನೆ. ಮೊದಲು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಈಗ ಏಕೆ ಮಾಡಬೇಕು, ಅಂಕಿಯೇ ಹೇಳುತ್ತದಲ್ಲ. ಕಳೆದ ವಾರ ಎರಡು ದಿನ ಇದನ್ನು ಕಪಾಟಿನಲ್ಲಿಟ್ಟೆ. ಎರಡನೆಯ ದಿನ ಗಾಬರಿಯಾಗಿ ಫೋನು ಮಾಡಿದ.”

“ಏನು ಹೇಳಿದೆ?”

“ಚಾರ್ಜು ಮುಗಿದಿತ್ತು ಎಂದೆ.”

ಬಿಸಿಲು ಬೆಂಚಿನ ಕಾಲಿಗೆ ಬಂದಿತ್ತು. ಅಷ್ಟರಲ್ಲಿ ಸವಿತಾಳಿಗೆ ಮರುದಿನ ಭಾನುವಾರವೆಂದೂ, ಆಸ್ಪತ್ರೆಗೆ ಒಯ್ಯುವ ಅರವತ್ತು ರೊಟ್ಟಿ ತನ್ನ ಪಾಲಿಗಿದೆಯೆಂದೂ ನೆನಪಾಯಿತು. ಕಮಲಾಬಾಯಿಯವರ ಕಣ್ಣಿನಲ್ಲಿ ಪರೀಕ್ಷೆಯ ದಿನದ ಬೆಳಕು ಕಾಣಿಸಿತು. ರಜಿಯಾಳ ಕೈಯಿಂದ ಗಡಿಯಾರ ಬಿಚ್ಚಿಸಿ ಸವಿತಾಳ ಚೀಲಕ್ಕೆ ಹಾಕಿದವರು ಅವರೇ.

ಮುಂದಿನದನ್ನು ಸವಿತಾ ಸೋಮವಾರ ಹೇಳಿದಳು. ಮಂಡಿನೋವೆಂದು ವರ್ಷದಿಂದ ಒಲೆಯ ಮುಂದೆ ಕೂರದಿದ್ದ ಅತ್ತೆಯವರು, ಬಡಿದದ್ದಕ್ಕೆಲ್ಲ ಅಂಕಿ ಏರುವುದನ್ನು ಕಂಡು ಎತ್ತರದ ಮಣೆ ತರಿಸಿಕೊಂಡು, ಸೊಸೆಯನ್ನು ಎಬ್ಬಿಸಿ ತಾವೇ ಕೂತರು. ಹಿಟ್ಟಿನಲ್ಲಿ ಎದ್ದ ಅಂಚನ್ನು ಎಡಗೈ ಬೆರಳಿನಿಂದ ಒಳಗೆ ದೂಡುತ್ತ, ಬಲಗೈಯಿಂದ ಪಟಪಟನೆ ಬಡಿಯುತ್ತ, ರೊಟ್ಟಿ ಹೆಂಚಿಗೆ ಬಿದ್ದೊಡನೆ “ಈಗೆಷ್ಟು?” ಎಂದು ಮೊಮ್ಮಗನನ್ನು ಕೇಳುತ್ತಿದ್ದರು. ಅರವತ್ತಕ್ಕೆ ಎದ್ದರೇ? ಎಂಬತ್ತಕ್ಕೆ ಎದ್ದರು. ಆಮೇಲೆ ಗಡಿಯಾರ ಚಿಕ್ಕವಳ ಕೈಗೆ ಬಿದ್ದು, ಅವಳು ಅದನ್ನು ಗಿಲಕಿಯೆಂದು ತಿಳಿದು ಮಧ್ಯಾಹ್ನದವರೆಗೆ ಅಲ್ಲಾಡಿಸಿದಳು. ಪಟಾಕಿ ಹಾರಿತು. ಆ ಗದ್ದಲದಲ್ಲಿ ಸವಿತಾ ನೋಟುಪುಸ್ತಕ ಹಿಡಿದು ಮಾಳಿಗೆಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ನಾಯಕಿ ಒಳಗೆ ಬಂದು ಕೂತು, ಅವಳ ಮುಂದೆ ಚಹಾದ ಕಪ್ಪು ಇಡುವವರೆಗೆ ಕಥೆ ಸಾಗಿತಂತೆ.

ಸಂಜೆ ಗಡಿಯಾರ ವಾಪಸು ಬಂದು ರಜಿಯಾಳ ಮೊಬೈಲಿನ ಪಕ್ಕದಲ್ಲಿ ಕೂತ ಅರ್ಧ ಗಂಟೆಗೆ ಸೌದಿಯಿಂದ ಫೋನು ಬಂತು. “ಅಮ್ಮೀ, ಈ ಬಿಸಿಲಿನಲ್ಲಿ ಹನ್ನೆರಡು ಸಾವಿರ ಹೆಜ್ಜೆ! ನಡೆದುಕೊಂಡು ಎಲ್ಲಿಗೆ ಹೋಗಿದ್ದಿರಿ, ಶಹಾಬಾದಿಗೇ?” ನಡೆಯಲಿಲ್ಲವೆಂದು ಹೇಳಲು ರೊಟ್ಟಿಯ ವಿಷಯ ಹೇಳಬೇಕಾಯಿತು, ರೊಟ್ಟಿಯಿಂದ ಸವಿತಾಳ ಅತ್ತೆಯ ಮಂಡಿಗೆ, ಮಂಡಿಯಿಂದ ಅವನ ಅಡುಗೆಗೆ, ಅವನು ಅಲ್ಲಿ ಜೋಳದ ಹಿಟ್ಟು ಸಿಗದೆ ಏನು ತಿನ್ನುತ್ತಾನೆಂಬಲ್ಲಿಗೆ ಮಾತು ಹೋಗಿ ಐವತ್ತು ನಿಮಿಷವಾಯಿತು.

ಇದನ್ನು ಹೇಳಿ ಮುಗಿಸಿದ ರಜಿಯಾ ಗಡಿಯಾರ ಬಿಚ್ಚಿ ಸವಿತಾಳ ಮುಂದೆ ಹಿಡಿದಳು.

“ಇವತ್ತು ನಿಮ್ಮ ಮನೆಯಲ್ಲಿ ಎಷ್ಟು ರೊಟ್ಟಿ?”