ಶಾಂತ ಸ್ವಭಾವ ಅಂತ ಮಾತ್ರ ಹಾಕಿಸಬೇಡಿ ಚಿಕ್ಕಪ್ಪ

ಚಿಕ್ಕಪ್ಪ, ಅಜ್ಜಿಯ ವರ್ಷಾಂತಿಕದ ಕಾರ್ಡು ಗ್ರೂಪಿಗೆ ಹಾಕಿದ್ದೀರಲ್ಲ, ಈಗ ನೋಡಿದೆ. ಫೋಟೋ ಚೆನ್ನಾಗಿದೆ. ಆದರೆ ಅದರ ಕೆಳಗೆ "ಶಾಂತ ಸ್ವಭಾವದವರು, ಯಾರಿಗೂ ಒಂದು ಮಾತು ಅಂದವರಲ್ಲ" ಅಂತ ಇದೆ. ನಮ್ಮ ಅಜ್ಜಿಯಾ? ಟೈಪ್ ಮಾಡಿದರೆ ಮುಗಿಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ.

ಅಜ್ಜಿ ಬೈಯುತ್ತಿದ್ದಳು. ಕರೆಂಟು ಹೋದರೆ ಸಾಕು, "ನಮ್ಮ ಮನೆ ಮುಳುಗಿಸಿ ಮಾಡಿದ ಕರೆಂಟು, ನಮಗೇ ಇಲ್ಲ" ಅಂತ ಕತ್ತಲೆಯಲ್ಲಿ ಶುರು ಮಾಡಿದರೆ, ದೀಪ ಬಂದ ಮೇಲೂ ನಿಲ್ಲಿಸುತ್ತಿರಲಿಲ್ಲ. ನಾವು ಮಕ್ಕಳು ನಗುತ್ತಿದ್ದೆವು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಗ್ರೂಪಿನಲ್ಲಿರುವ ಚಿಕ್ಕವರು ಅಜ್ಜಿಯನ್ನು ಮಂಚದ ಮೇಲೆ ಮಾತ್ರ ನೋಡಿದ್ದಾರೆ. ಅವರಿಗಾಗಿ ಹೇಳುತ್ತೇನೆ. ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ. ನೀರು ಏರುವ ಮುಂಚೆ ಶರಾವತಿ ದಡದ ಊರುಗಳನ್ನು ಖಾಲಿ ಮಾಡಿಸಿದರು. ಅಜ್ಜಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಕಂಕುಳಲ್ಲಿ ದೊಡ್ಡಪ್ಪ. ಪಾತ್ರೆ, ಬಾಗಿಲು, ತೊಲೆ, ಎರಡು ಮೂಟೆ ಭತ್ತ, ಎಲ್ಲ ಒಂದೇ ಲಾರಿಯಲ್ಲಿ. ಇಳಿಸಿದ್ದು ಕಾಡಿನ ಮಧ್ಯೆ. ಗದ್ದೆ ಗೇಣಿಯದ್ದು, ಹಾಗಾಗಿ ಪರಿಹಾರ ಅಂತ ಕೈಗೆ ಬಂದದ್ದು ಅಷ್ಟಕ್ಕಷ್ಟೇ. ಈಗಿನ ಮನೆ ಜಾಗದ ಹಕ್ಕುಪತ್ರಕ್ಕೆ ಅಜ್ಜ ಎಷ್ಟು ಸಲ ಅಲೆದರು ಅಂತ ನಿಮಗೇ ಗೊತ್ತು. ಅಜ್ಜ ಸುಮ್ಮನೆ ಬಂದು ಕೂರುತ್ತಿದ್ದರು, ಬೈಗುಳದ ಕೆಲಸ ಅಜ್ಜಿಯ ಪಾಲಿಗೆ.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಒಂದು ಅಂಕಿ ಗೊತ್ತಿತ್ತು, 1819. ಡ್ಯಾಮ್ ತುಂಬಿದರೆ ಸಮುದ್ರಮಟ್ಟದಿಂದ ನೀರು ಅಷ್ಟು ಅಡಿ. ಆಗಸ್ಟ್ ಬಂತೆಂದರೆ "ಪೇಪರಲ್ಲಿ ನೀರು ಎಷ್ಟು ಬರೆದಿದ್ದಾರೆ ನೋಡು" ಅನ್ನುತ್ತಿದ್ದಳು. 1810 ಅಂದರೆ ಒಂಬತ್ತು ಅಡಿ ಬಾಕಿ ಅಂತ ತಕ್ಷಣ ಲೆಕ್ಕ. ಕಡಿಮೆ ಇದ್ದರೆ ಅವಳಿಗೆ ಖುಷಿಯೋ ಬೇಸರವೋ, ಮುಖ ನೋಡಿ ಹೇಳುವುದು ಕಷ್ಟವಾಗಿತ್ತು.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ಮಡೆನೂರು ಡ್ಯಾಮ್ ನೋಡಲು ಹೋಗಿದ್ದೆವಲ್ಲ, ನೆನಪಿದೆಯಾ? 1948ರ ಹಳೇ ಡ್ಯಾಮ್, ಹಿರೇಭಾಸ್ಕರ ಅಂತ. ಲಿಂಗನಮಕ್ಕಿಯ ನೀರಲ್ಲಿ ಅದೂ ಮುಳುಗಿದೆ, ನೀರು ತೀರಾ ಇಳಿದಾಗ ಮೇಲೆ ಬರುತ್ತದೆ. ನಾವೆಲ್ಲ ಫೋಟೋ ತೆಗೆಯುತ್ತಿದ್ದೆವು. ಅಜ್ಜಿ ಒಣಗಿದ ಕೆಸರಿನ ಮೇಲೆ ಕುಳಿತು, "ಡ್ಯಾಮನ್ನೇ ಮುಳುಗಿಸಿದವರಿಗೆ ನಮ್ಮ ಮನೆ ಯಾವ ಲೆಕ್ಕ" ಅಂದಳು. ಕಾರ್ಡಿನಲ್ಲಿ ಹಾಕುವುದಾದರೆ ಈ ಮಾತು ಹಾಕಿ!

ಇನ್ನೊಂದು, ಅತ್ತೆಯಂದಿರು ಬಿಟ್ಟರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವಳ ತವರು ತುಮರಿ ಕಡೆ, ಹೊಳೆಯ ಆಚೆ. ಮದುವೆಯಾದಾಗ ನಡೆದೇ ಹೋಗಿ ಬರುತ್ತಿದ್ದ ದಾರಿ. ಆಮೇಲೆ ಆ ದಾರಿ ನೀರಲ್ಲಿ ಮುಳುಗಿತು, ದಾಟಲು ಲಾಂಚ್ ಬಂತು. ಸಂಜೆಯಾದ ಮೇಲೆ ಅದೂ ಇಲ್ಲ. ಅವಳ ಅಮ್ಮ ತೀರಿಹೋದ ಸುದ್ದಿ ಬಂದಾಗ ಇವಳು ಲಾಂಚ್ ಹತ್ತುವ ಹೊಳೆಬಾಗಿಲಿಗೆ ಓಡಿಬಂದಳು. ಕೊನೆಯ ಲಾಂಚ್ ಹೋಗಿಯಾಗಿತ್ತು. ರಾತ್ರಿಯಿಡೀ ದಡದಲ್ಲೇ ಕುಳಿತಳು. ಬೆಳಿಗ್ಗೆ ದಾಟಿ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ನನಗೆ ಒಂದೇ ಸಲ ಹೇಳಿದ್ದು. ಅವತ್ತು ಯಾರನ್ನೂ ಬೈಯಲಿಲ್ಲ.

2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದ. ಕಾರಿನಲ್ಲಿ ಕೆಲವೇ ನಿಮಿಷ. ನಾನು ಮೊದಲ ಸಲ ದಾಟುವಾಗ ಅಜ್ಜಿ ಪಕ್ಕದಲ್ಲಿ ಇದ್ದಿದ್ದರೆ ಏನನ್ನುತ್ತಿದ್ದಳು ಅಂತ ಯೋಚಿಸಿದೆ. "ಈಗ ನೆನಪಾಯ್ತಾ ಇವರಿಗೆ" ಅನ್ನುತ್ತಿದ್ದಳು, ಗ್ಯಾರಂಟಿ. ಅಂದುಬಿಟ್ಟು ಕಿಟಕಿ ಇಳಿಸಿ ನೀರು ನೋಡುತ್ತಿದ್ದಳು.

ಬರೀ ಬೈಗುಳದ ಮುದುಕಿ ಅಂದುಕೊಳ್ಳಬೇಡಿ ಮಕ್ಕಳೇ. ಭೂಮಿ ಹುಣ್ಣಿಮೆ ಹತ್ತಿರ ಬಂದರೆ ಅವಳೇ ಬೇರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಲು ಕುಳಿತರೆ ಮನೆಯಲ್ಲಿ ಯಾರೂ ಜೋರಾಗಿ ನಡೆಯುವ ಹಾಗಿಲ್ಲ. ಪುಂಡಿ ನಾರಿನ ಕುಂಚ, ಕೂದಲೆಳೆಯಂಥ ಗೆರೆ. ಕೈ ಒಂಚೂರು ನಡುಗುತ್ತಿರಲಿಲ್ಲ. ಹಬ್ಬದ ಹಿಂದಿನ ರಾತ್ರಿ ನಿದ್ದೆಯೇ ಇಲ್ಲ, ಕಡುಬು, ಬೆರಕೆ ಸೊಪ್ಪು, ಅಂಬಲಿ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಯ ಪಾಲಿನ ಎಡೆ, ಚೆಲ್ಲಬೇಕು. ಭೂಮಿ ಬಸುರಿ, ಅವಳ ಬಯಕೆ ಊಟಕ್ಕೆ ತಡ ಮಾಡಬಾರದು ಅನ್ನುತ್ತಿದ್ದಳು. ನೀವು ಎದ್ದಿದ್ದು ತಡವಾಗಿ, ಆ ಕತ್ತಲೆಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಬೈಸಿಕೊಂಡಿದ್ದು ಮರೆತಿರಾ ಚಿಕ್ಕಪ್ಪ?

ಅಂದಹಾಗೆ ಬುಟ್ಟಿ ನನ್ನ ಹತ್ತಿರ ಇದೆ. ಹಳೇ ಚಿತ್ತಾರ ಅರ್ಧ ಉದುರಿದೆ. ದೊಡ್ಡತ್ತೆ, ನಿಮಗೆ ಗೆರೆಗಳ ಲೆಕ್ಕ ನೆನಪಿದೆಯಲ್ಲ? ಶನಿವಾರ ಬುಟ್ಟಿ ತರುತ್ತೇನೆ. ಪುಂಡಿ ನಾರು ಮಾತ್ರ ಊರಲ್ಲಿ ಯಾರಾದರೂ ನೆನೆಸಿ ಇಟ್ಟಿರಿ.