ಕೆರೆ ಏರಿಯ ವೀರಗಲ್ಲಿಗೆ ಗ್ರಾಂಟ್ ಯಾರು ಕೊಡುತ್ತಾರೆ?

ಪ್ರಶ್ನೆ, ಚಿಂತಾಮಣಿ ತಾಲ್ಲೂಕಿನ ಸದಸ್ಯರಿಂದ:
ಮೇಡಂ, ನಮಸ್ಕಾರ. ನಮ್ಮೂರ ಕೆರೆ ಏರಿ ಮೇಲೆ ನಾಲ್ಕು ವೀರಗಲ್ಲುಗಳಿವೆ. ಎರಡು ಅರ್ಧ ಮಣ್ಣಲ್ಲಿ ಹೂತುಹೋಗಿವೆ. ಒಂದರ ಮೇಲೆ ಅಕ್ಷರ ಇದೆ. ಹೋದ ವರ್ಷ ಯಾರೋ ಭಕ್ತಿಯಿಂದ ಅದಕ್ಕೆ ಹಳದಿ ಪೇಂಟ್ ಬಳಿದಿದ್ದಾರೆ. ನಮ್ಮ ಯುವಕ ಸಂಘದವರು ಸೇರಿ ಕಲ್ಲುಗಳನ್ನು ಎತ್ತಿ ನಿಲ್ಲಿಸಿ, ಮೇಲೊಂದು ಶೀಟ್ ಹಾಕಿಸೋಣ, ಪಕ್ಕದ ದಿಬ್ಬವನ್ನು ಸ್ವಲ್ಪ ಅಗೆದೂ ನೋಡೋಣ ಅಂತಿದ್ದೇವೆ. ದುಡ್ಡು ಎಲ್ಲಿ ಸಿಗುತ್ತದೆ?

ಉತ್ತರ:
ನಮಸ್ಕಾರ. ದಿಬ್ಬದ ವಿಷಯ ಇವತ್ತೇ ಮರೆತುಬಿಡಿ. ಉತ್ಖನನಕ್ಕೆ ಲೈಸೆನ್ಸ್ ಬೇಕು. ಅದು ವಿಶ್ವವಿದ್ಯಾಲಯ, ಪುರಾತತ್ವ ಇಲಾಖೆಗಳು ಮಾಡುವ ಕೆಲಸ. ಮಣ್ಣಲ್ಲಿ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಇನ್ನು ಕಲ್ಲುಗಳು. ನಾನು ಮೊದಲ ಸಲ ಅರ್ಜಿ ಬರೆದಾಗ ‘ಸ್ಮಾರಕ ಅಭಿವೃದ್ಧಿ, 6 ಲಕ್ಷ’ ಅಂತ ಒಂದೇ ಸಾಲು ಹಾಕಿ ಕಳಿಸಿದ್ದೆ. ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇಷ್ಟೇ ಇತ್ತು: ‘ಯಾರ ಜಾಗ?’ ಅವತ್ತು ಸಿಟ್ಟು ಬಂದಿತ್ತು. ಈಗ ಬೇರೆಯವರ ಅರ್ಜಿ ನೋಡುವಾಗ ನಾನೂ ಮೊದಲು ಹುಡುಕುವುದು ಅದನ್ನೇ.

ಹಾಗಾಗಿ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಕೆರೆ ಏರಿ ಅಂದಮೇಲೆ ಸಾಮಾನ್ಯವಾಗಿ ಸರ್ಕಾರಿ ಜಾಗವೇ ಇರುತ್ತದೆ. ಕೆರೆ ಪಂಚಾಯ್ತಿಯದ್ದೋ ಸಣ್ಣ ನೀರಾವರಿಯವರದ್ದೋ ನೋಡಿಕೊಳ್ಳಿ. ಕಲ್ಲು ಮುಟ್ಟಲು ಅಭ್ಯಂತರ ಇಲ್ಲ ಅಂತ ಅವರಿಂದ ನಡಾವಳಿ ಮಾಡಿಸಿ. ಆಮೇಲೆ ನಮ್ಮ ನಾಡಿನ ಶಾಸನಗಳನ್ನು ಸೇರಿಸಿ ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ನೋಡಿ. ಬಿ.ಎಲ್. ರೈಸ್ 1905ರಲ್ಲಿ ತಂದ ಕೋಲಾರದ ಸಂಪುಟ ಅದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ, ಹಾಗಾಗಿ ಚಿಂತಾಮಣಿಯ ಶಾಸನಗಳೂ ಅದರಲ್ಲೇ ಇವೆ. ತಾಲ್ಲೂಕುವಾರು ನಂಬರ್ ಕೊಟ್ಟಿದ್ದಾರೆ. ನಿಮ್ಮ ಕಲ್ಲು ಸಿಕ್ಕಿತೋ, ಆ ನಂಬರನ್ನು ಅರ್ಜಿಯ ಮೊದಲ ಸಾಲಲ್ಲೇ ಹಾಕಿ. ಸಿಗಲಿಲ್ಲವೋ, ಇನ್ನೂ ಒಳ್ಳೆಯದು. ಹೊಸ ಶಾಸನ ಅಂದರೆ ಕೇಳುವವರು ಜಾಸ್ತಿ.

ಮರುಪ್ರಶ್ನೆ:
ಸರಿ ಮೇಡಂ. ಆದರೆ ದುಡ್ಡು? ಕಂಪನಿಗಳು ಸಿಎಸ್‌ಆರ್‌ನಲ್ಲಿ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡಲ್ಲಿ, ಕೊಡುತ್ತವಂತೆ, ಹೌದಾ?

ಉತ್ತರ:
ಹೌದು. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಐತಿಹಾಸಿಕ ಜಾಗಗಳ ರಕ್ಷಣೆಯೂ ಸೇರಿದೆ. ದೊಡ್ಡ ಕಂಪನಿಗಳು ಲಾಭದ 2 ಪರ್ಸೆಂಟ್ ಇಂಥ ಕೆಲಸಗಳಿಗೆ ಇಡಬೇಕು, ಹತ್ತಿರದ ಊರುಗಳಿಗೆ ಆದ್ಯತೆ ಕೊಡಬೇಕು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ನಿಮಗೆ ದೂರವೇನಲ್ಲ. ತೊಡಕು ಇರುವುದು ನಿಮ್ಮ ಕಡೆ. ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಸಿಎಸ್‌ಆರ್ ದುಡ್ಡು ಪಡೆಯಲು ನೋಂದಾಯಿಸುವ ಸಿಎಸ್‌ಆರ್-1 ಫಾರಂ ತುಂಬಿರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. ಇಲ್ಲದಿದ್ದರೆ ಇವೆಲ್ಲ ಇರುವ ಸಂಸ್ಥೆಯೊಂದರ ಮೂಲಕ ಹೋಗಿ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರ ಹತ್ತಿರ ಒಮ್ಮೆ ಮಾತಾಡಿ ನೋಡಿ.

ಕೇಂದ್ರ ಸರ್ಕಾರದ ನ್ಯಾಷನಲ್ ಕಲ್ಚರ್ ಫಂಡ್ ಅಂತಲೂ ಯಾರಾದರೂ ಹೇಳುತ್ತಾರೆ. 1996ರಿಂದ ಇದೆ. ನಂದಿಯ ಭೋಗನಂದೀಶ್ವರದಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಅದು ಸರಿ, ಕೆರೆ ಏರಿಯ ಕಲ್ಲಿಗೆ ಆಗಿಬರುವುದಿಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇವಸ್ಥಾನಗಳನ್ನು ಎತ್ತಿ ನಿಲ್ಲಿಸುತ್ತದೆ, ಊರಿನವರೂ ಪಾಲು ಹಾಕಬೇಕು. ಊರಲ್ಲಿ ಬಿದ್ದುಹೋಗಿರುವ ಗುಡಿ ಇದ್ದರೆ ಕೇಳಿ.

ನಿಜ ಹೇಳಬೇಕೆಂದರೆ ನಿಮ್ಮ ಕೆಲಸಕ್ಕೆ ಲಕ್ಷಗಟ್ಟಲೆ ಬೇಡ. ಶೀಟ್ ಬೇಡವೇ ಬೇಡ. ಸಾವಿರ ವರ್ಷ ಮಳೆಯಲ್ಲಿ ನಿಂತ ನಮ್ಮ ಕಡೆಯ ಗ್ರಾನೈಟ್ ಇನ್ನೂ ನಿಲ್ಲುತ್ತದೆ. ಹಾಳು ಮಾಡುತ್ತಿರುವುದು ಪೇಂಟ್, ಸಿಮೆಂಟ್, ಜೆಸಿಬಿ. ಮೊದಲ ಅರ್ಜಿಯಲ್ಲಿ ದಾಖಲಾತಿಗೆ ಮಾತ್ರ ಕೇಳಿ: ಫೋಟೊ, ಅಳತೆ, ಪಡಿಯಚ್ಚು (ಅಕ್ಷರಗಳನ್ನು ಕಾಗದದ ಮೇಲೆ ಅಚ್ಚು ತೆಗೆಯುವುದು), ಓದಿಕೊಡುವವರ ಓಡಾಟದ ಖರ್ಚು. ಶಾಸನ ಸ್ಕ್ಯಾನ್ ಮಾಡುವ ಮಿಥಿಕ್ ಸೊಸೈಟಿಯವರು ಬೆಂಗಳೂರಲ್ಲೇ ಇದ್ದಾರೆ, ಅವರಿಗೂ ಒಂದು ಪತ್ರ ಹಾಕಿ.

ಇನ್ನೊಬ್ಬ ಸದಸ್ಯರು, ತುಮಕೂರು:
ಮೇಡಂ, ನಾನು ಪಿಎಚ್‌.ಡಿ. ವಿದ್ಯಾರ್ಥಿನಿ. ಕಿಬ್ಬನಹಳ್ಳಿ ಸುತ್ತಿನ ಹಳೆ ಶಿಲಾಯುಗದ ಮೇಲೆ ಕೆಲಸ. ನನಗೂ ಇದೇ ದಾರಿನಾ?

ಉತ್ತರ:
ಇಲ್ಲಮ್ಮ, ನಿನ್ನದು ಸಂಶೋಧನೆ, ದಾರಿಯೇ ಬೇರೆ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನಲ್ಲಿ ಫೆಲೋಶಿಪ್ ಇದೆ, ಓಡಾಟಕ್ಕೆ ಬೇರೆ ಗ್ರಾಂಟೂ ಇದೆ. ಹೊರದೇಶದ್ದು ಬೇಕಾದರೆ ಅಮೆರಿಕದ ವೆನ್ನರ್-ಗ್ರೆನ್ ಫೌಂಡೇಶನ್. ಪಿಎಚ್‌.ಡಿ. ಕ್ಷೇತ್ರಕಾರ್ಯಕ್ಕೆ ಕೊಡುತ್ತಾರೆ, ಯಾವ ದೇಶದವರಾದರೂ ಹಾಕಬಹುದು. ಗೈಡ್ ಕೈಲಿ ಒಮ್ಮೆ ಓದಿಸಿ ಕಳಿಸು. ‘ಈ ಪ್ರದೇಶ ಬಹಳ ಮುಖ್ಯ’ ಅಂತ ಒಂದು ಪುಟ ಬರೆಯಬೇಡ, ಎಲ್ಲರೂ ಬರೆಯುವುದು ಅದನ್ನೇ. ಆ ಕಲ್ಲುಗಳಿಂದ ಏನು ತಿಳಿಯಬೇಕು ಅಂತಿದ್ದೀಯ, ಅದನ್ನು ಬರೆ.

ಮೊದಲನೇ ಸದಸ್ಯರು:
ಸೋಮವಾರವೇ ಪಂಚಾಯ್ತಿಗೆ ಹೋಗುತ್ತೇವೆ ಮೇಡಂ. ಅಷ್ಟರೊಳಗೆ ಥಿನ್ನರ್ ಹಾಕಿ ಪೇಂಟ್ ತೆಗೆದುಬಿಡಲಾ?

ಉತ್ತರ:
ಅಯ್ಯೋ, ಬೇಡ! ಥಿನ್ನರ್, ತಂತಿ ಬ್ರಷ್ ಯಾವುದೂ ಬೇಡ. ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಎದುರಿನಿಂದ ಫೋಟೊ ತೆಗೆಯಲಿ. ಅಡ್ಡ ಬೆಳಕಿಗೆ ಪೇಂಟ್ ಕೆಳಗಿನ ಅಕ್ಷರವೂ ಎದ್ದು ಕಾಣುತ್ತದೆ. ಇಲ್ಲೇ ಹಾಕಿ, ಓದೋಣ.