ಮಕ್ಕಳ ಬೆಳವಣಿಗೆ ಮತ್ತು ಕುಟುಂಬ ಅಧ್ಯಯನದಲ್ಲಿ ಎಂ.ಎಸ್ಸಿ.: ಸೇರುವ ಮುನ್ನ ಕೆಲವು ಪ್ರಶ್ನೆಗಳು

ಪ್ರಶ್ನೆ – ಬ್ಯಾಡಗಿಯ ವಿದ್ಯಾರ್ಥಿನಿ

ನಾನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಲ್ಲಿಯೇ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ವಿಷಯದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಆಸೆಯಿದೆ. ಆದರೆ ಬಾಲವಾಡಿ ನಡೆಸುವುದಕ್ಕೆ ಇನ್ನೂ ಎರಡು ವರ್ಷ ಓದಬೇಕೇ ಎಂದು ಮನೆಯಲ್ಲಿ ಕೇಳುತ್ತಾರೆ. ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗೆ, ಮಾತು ತಡವಾದ ಮಕ್ಕಳಿಗೆ ನೆರವಾಗಬೇಕೆಂಬುದು ನನ್ನ ಉದ್ದೇಶ. ಈ ಪದವಿ ಅದಕ್ಕೆ ದಾರಿಯಾಗುತ್ತದೆಯೇ, ಅಥವಾ ಮನೋವಿಜ್ಞಾನದ ಕಡೆಗೆ ಹೋಗುವುದು ಒಳ್ಳೆಯದೇ? ಎರಡು ವರ್ಷಗಳಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ – ಧಾರವಾಡದ ನಿವೃತ್ತ ಪ್ರಾಧ್ಯಾಪಕಿ

ನಿಮ್ಮ ಮನೆಯವರ ಪ್ರಶ್ನೆ ಹೊಸದಲ್ಲ. ಇದೇ ಮಹಾವಿದ್ಯಾಲಯವನ್ನು ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯ ಎಂದು ಕರೆಯುತ್ತಿದ್ದ ಕಾಲದಿಂದಲೂ ತಂದೆತಾಯಂದಿರು ಅದನ್ನು ಕೇಳುತ್ತ ಬಂದಿದ್ದಾರೆ. ಪಾಠದ ವಿಷಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೆಳವಣಿಗೆಯ ಸಿದ್ಧಾಂತಗಳು, ಶಾಲಾಪೂರ್ವ ಶಿಕ್ಷಣ, ಪಾಲನೆ, ಕುಟುಂಬದ ಒಳಸಂಬಂಧಗಳು, ವಿಶೇಷ ಅಗತ್ಯವುಳ್ಳ ಮಕ್ಕಳು, ವೃದ್ಧಾಪ್ಯ, ಸಂಖ್ಯಾಶಾಸ್ತ್ರ. ಇವುಗಳಲ್ಲಿ ಕೆಲವನ್ನು ನೀವು ಬಿ.ಎಸ್ಸಿ.ಯಲ್ಲೇ ಓದಿರುತ್ತೀರಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐ.ಸಿ.ಎ.ಆರ್.) ರೂಪಿಸಿದ ಪಠ್ಯಕ್ರಮದಲ್ಲಿ ಎಂ.ಎಸ್ಸಿ.ಯ ಒಟ್ಟು 70 ಕ್ರೆಡಿಟ್‌ಗಳ ಪೈಕಿ 30 ಸಂಶೋಧನಾ ಪ್ರಬಂಧಕ್ಕೇ ಮೀಸಲಾಗಿವೆ ಎಂಬುದನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಡಿ. ಹಳ್ಳಿಗಳಿಗೆ ಹೋಗಿ, ಮನೆಗಳ ಜಗಲಿಯಲ್ಲಿ ಕುಳಿತು, ಮಗುವನ್ನೂ ಅದರ ಸುತ್ತಲಿನವರನ್ನೂ ತಾಳ್ಮೆಯಿಂದ ಗಮನಿಸಿ ದಾಖಲಿಸುವ ಕೆಲಸದಲ್ಲಿ ಆಸಕ್ತಿ ಇಲ್ಲದವರಿಗೆ ಈ ಪದವಿ ಬೇಸರ ತರಿಸುತ್ತದೆ.

ಈ ಶಾಸ್ತ್ರದ ಮುಖ್ಯ ಕಾಳಜಿ ರೋಗವಲ್ಲ. ಸಾಮಾನ್ಯ ಮಗು ಸಾಮಾನ್ಯ ಮನೆಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದು. ಮಗುವಿನ ಬೆಳವಣಿಗೆಯನ್ನು ಮನೆ, ನೆರೆಹೊರೆ, ತಾಯಿತಂದೆಯರ ದುಡಿಮೆ, ಸರ್ಕಾರದ ನೀತಿ ಇವೆಲ್ಲವುಗಳ ನಡುವೆ ಇಟ್ಟು ನೋಡಬೇಕೆಂದು ಅಮೆರಿಕದ ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1970ರ ದಶಕದಲ್ಲಿ ವಾದಿಸಿದರು. ಹಾಗೆ ನೋಡಲು ಬೇಕಾದ ಸಾಧನಗಳನ್ನು ಬಳಸುವುದನ್ನು ಇಲ್ಲಿ ಕಲಿಯುತ್ತೀರಿ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರು ಭಾರತೀಯ ಶಿಶುಗಳಿಗಾಗಿ ಸಿದ್ಧಪಡಿಸಿದ ಡಿ.ಎ.ಎಸ್.ಐ.ಐ. ಮಾಪನವು ಹುಟ್ಟಿನಿಂದ 30 ತಿಂಗಳವರೆಗಿನ ಚಲನೆ ಮತ್ತು ಬುದ್ಧಿಯ ಬೆಳವಣಿಗೆಯನ್ನು ಅಳೆಯುತ್ತದೆ. ಮನೆಯ ವಾತಾವರಣವನ್ನು ಅಳೆಯಲು ಕಾಲ್ಡ್‌ವೆಲ್ ಮತ್ತು ಬ್ರಾಡ್ಲಿ ಅವರ ‘ಹೋಮ್’ ಪಟ್ಟಿಯಿದೆ. ಮೂರು ವರ್ಷದೊಳಗಿನ ಮಕ್ಕಳಿಗಾಗಿರುವ ಅದರ ರೂಪದಲ್ಲಿ 45 ಅಂಶಗಳಿವೆ. ಅಮೆರಿಕದ ಮನೆಗಳನ್ನು ನೋಡಿ ಮಾಡಿದ ಪಟ್ಟಿಯನ್ನು ಹಿರೇಕೆರೂರಿನ ಒಂದು ಅವಿಭಕ್ತ ಕುಟುಂಬದಲ್ಲಿ ಯಾಂತ್ರಿಕವಾಗಿ ತುಂಬಿಸಿದರೆ, ಅಂಗಡಿಯಿಂದ ತಂದ ಆಟಿಕೆಗಳಿಲ್ಲವೆಂದು ಅಂಕ ಕಡಿಮೆಯಾಗಬಹುದು. ಅದೇ ಹೊತ್ತಿಗೆ ಕೂಸು ಪಡಸಾಲೆಯಲ್ಲಿ ಮಣ್ಣೆತ್ತುಗಳನ್ನೂ ಜೋಳದ ದಂಟಿನ ಬಂಡಿಯನ್ನೂ ಇಟ್ಟುಕೊಂಡು ಆಡುತ್ತಿರುತ್ತದೆ. ತಾಯಿ ಮಗುವಿನೊಡನೆ ಎಷ್ಟು ಮಾತನಾಡುತ್ತಾಳೆ ಎಂದು ಬರೆದುಕೊಂಡು, ದಿನವಿಡೀ ಮಾತನಾಡುವ ಅಜ್ಜಿಯನ್ನು ಬಿಟ್ಟುಬಿಟ್ಟರೆ ದತ್ತಾಂಶವೇ ಸುಳ್ಳಾಗುತ್ತದೆ. ಇಂಥ ವಿವೇಚನೆಯನ್ನು ಕಲಿಯಲು ಎರಡು ವರ್ಷ ಹೆಚ್ಚಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ – ಹುಬ್ಬಳ್ಳಿಯ ಮನೋವಿಜ್ಞಾನಿ

ಪ್ರಾಧ್ಯಾಪಕರ ಮಾತನ್ನು ಒಪ್ಪುತ್ತಲೇ, ಅವರು ಬಿಟ್ಟ ಒಂದು ವಿಷಯವನ್ನು ನೇರವಾಗಿ ಹೇಳಬೇಕಾಗಿದೆ. ಈ ಎಂ.ಎಸ್ಸಿ. ಮುಗಿಸಿದವರು ಚಿಕಿತ್ಸಾ ಮನೋವಿಜ್ಞಾನಿಗಳಾಗುವುದಿಲ್ಲ. ಆ ಹೆಸರಿನಲ್ಲಿ ಕೆಲಸ ಮಾಡಲು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಪ್ರತ್ಯೇಕ ತರಬೇತಿ ಮತ್ತು ನೋಂದಣಿ ಬೇಕು. ಆ ದಾರಿ ಮನೋವಿಜ್ಞಾನದ ಪದವಿಯ ಮೂಲಕವೇ ಸಾಗುತ್ತದೆ. ಮಾತಿನ ಚಿಕಿತ್ಸೆಯಂತೂ ಬೇರೆಯೇ ವೃತ್ತಿ. ಅದಕ್ಕೆ ವಾಕ್ ಶ್ರವಣ ವಿಷಯದಲ್ಲೇ ಪದವಿ ಮಾಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಧಾರವಾಡದ ಜೆ.ಎಸ್.ಎಸ್. ಸಂಸ್ಥೆಯಲ್ಲಿಯೂ ಅದನ್ನು ಕಲಿಸುತ್ತಾರೆ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಚಿಕಿತ್ಸೆ ಮಾಡುವುದೇ ನಿಮ್ಮ ಗುರಿಯಾದರೆ ಈಗಲೇ ದಾರಿ ಬದಲಿಸುವುದು ಲೇಸು. ಎಂ.ಎಸ್ಸಿ. ಮುಗಿಸಿ, ಆಪ್ತಸಮಾಲೋಚಕಿ ಎಂಬ ಫಲಕ ಹಾಕಿಕೊಂಡು, ತಮ್ಮ ತರಬೇತಿಗೆ ಮೀರಿದ ಪ್ರಕರಣಗಳನ್ನು ಕೈಗೆತ್ತಿಕೊಳ್ಳುವವರು ಅವಳಿನಗರದಲ್ಲಿ ಕಡಿಮೆಯೇನಿಲ್ಲ. ಅದರಿಂದ ಹಾನಿಯಾಗುವುದು ಮಕ್ಕಳಿಗೆ.

ಉತ್ತರ – ಗದಗ ಜಿಲ್ಲೆಯ ಅಂಗನವಾಡಿ ಮೇಲ್ವಿಚಾರಕಿ

ತಂಗಿ, ಉದ್ಯೋಗದ ಬಗ್ಗೆ ನೀವು ಕೇಳಿಲ್ಲವಾದರೂ ಮನೆಯವರು ಕೇಳಿಯೇ ಕೇಳುತ್ತಾರೆ. ಅಧ್ಯಾಪನಕ್ಕೆ ಹೋಗುವುದಾದರೆ ಯು.ಜಿ.ಸಿ.ಯ ನೆಟ್ ಪರೀಕ್ಷೆಯನ್ನು ಗೃಹ ವಿಜ್ಞಾನ ವಿಷಯದಲ್ಲಿ ಬರೆಯಬಹುದು. ನಮ್ಮ ಇಲಾಖೆಯ ಹುದ್ದೆಗಳಿಗೆ ಯಾವ ಪದವಿಗಳು ಅರ್ಹವೆಂಬುದನ್ನು ಪ್ರತಿ ನೇಮಕಾತಿಯ ಅಧಿಸೂಚನೆಯಲ್ಲೇ ಓದಿಕೊಳ್ಳಿ. ಅವರಿವರ ಮಾತನ್ನು ನಂಬಿ ಅರ್ಜಿ ಹಾಕಬೇಡಿ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾಯಿತು. ಇಷ್ಟು ವರ್ಷಗಳಾದರೂ ನಾವು ಮಗುವಿನ ತೂಕ, ಎತ್ತರಗಳನ್ನು ಬರೆಯುವಷ್ಟು ಶ್ರದ್ಧೆಯಿಂದ ಅದರ ಮಾತು, ಆಟಗಳನ್ನು ಬರೆಯುವುದಿಲ್ಲ. ಈಚೆಗೆ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳೂ ಬಂದಿವೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಯರಿಗೆ, ಒಂದೂವರೆ ವರ್ಷದ ಮಗುವಿನೊಡನೆ ಹೇಗೆ ಆಡಬೇಕೆಂದು ನಮ್ಮ ಕನ್ನಡದಲ್ಲಿ ಹೇಳಿಕೊಡಬಲ್ಲವರು ಬೇಕಾಗಿದ್ದಾರೆ. ನಿಮ್ಮ ಓದು ಅಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ.

ಬ್ಯಾಡಗಿಯ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಚಿಕಿತ್ಸೆಗಿಂತ ಅಕ್ಕನವರು ಹೇಳಿದ ಕೆಲಸವೇ ನನಗೆ ಹೆಚ್ಚು ಹಿಡಿಸುತ್ತದೆ. ನಮ್ಮೂರಿನಲ್ಲಿ ಮೆಣಸಿನಕಾಯಿ ಸುಗ್ಗಿಯ ಕಾಲಕ್ಕೆ ತೊಟ್ಟು ಬಿಡಿಸಲು ಹೋಗುವ ತಾಯಂದಿರಲ್ಲಿ ಕೆಲವರು ಕೂಸುಗಳನ್ನು ಜೊತೆಗೆ ಕರೆದೊಯ್ಯುತ್ತಾರೆ, ಕೆಲವರು ಅಜ್ಜಿಯ ಬಳಿ ಬಿಡುತ್ತಾರೆ. ಈ ಎರಡು ಗುಂಪುಗಳ ಮಕ್ಕಳ ಭಾಷಾ ಬೆಳವಣಿಗೆಯನ್ನು ಹೋಲಿಸಿದರೆ ಪ್ರಬಂಧವಾಗಬಹುದೇ, ಮೇಡಂ?

ಉತ್ತರ – ಧಾರವಾಡದ ನಿವೃತ್ತ ಪ್ರಾಧ್ಯಾಪಕಿ

ವಿಷಯ ಚೆನ್ನಾಗಿದೆ, ಹೋಲಿಕೆ ಮಾತ್ರ ಇನ್ನೂ ಒರಟಾಗಿದೆ. ಅಜ್ಜಿ ಇರುವ ಮನೆಗೂ ಇಲ್ಲದ ಮನೆಗೂ ಜಮೀನು, ಆದಾಯ, ತಾಯಿಯ ಓದು ಇವುಗಳಲ್ಲಿಯೂ ವ್ಯತ್ಯಾಸವಿರುವ ಸಾಧ್ಯತೆಯಿದೆ. ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬಡತನದ ಪರಿಣಾಮವನ್ನು ಅಜ್ಜಿಯ ಪ್ರಭಾವವೆಂದು ಬರೆದುಬಿಡುತ್ತೀರಿ. ಕೆಲಸಕ್ಕೆ ಕರೆದೊಯ್ದ ಮಗು ಹತ್ತಾರು ಹೆಂಗಸರ ಮಾತು, ಹಾಡು ಕೇಳುತ್ತಿರುತ್ತದೆಯಾದ್ದರಿಂದ ಆ ಗುಂಪೇ ಹಿಂದುಳಿದಿರುತ್ತದೆಂದು ಮೊದಲೇ ಭಾವಿಸಬೇಡಿ. ಸುಗ್ಗಿಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅದೇ ಮನೆಗಳಿಗೆ ಹೋಗುವುದು ಉತ್ತಮ, ಏಕೆಂದರೆ ಪಾಲನೆಯ ಏರ್ಪಾಡು ಹಂಗಾಮಿನೊಂದಿಗೆ ಬದಲಾಗುತ್ತದೆ.

ಇನ್ನೊಂದು ಮಾತು. ಪರೀಕ್ಷಿಸುವಾಗ ಯಾವುದಾದರೂ ಮಗುವಿನ ಬೆಳವಣಿಗೆ ನಿಜವಾಗಿ ಕುಂಠಿತವಾಗಿದೆ ಎನಿಸಿದರೆ, ನೀವು ರೋಗದ ಹೆಸರು ಹೇಳಬಾರದು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಮೂಲಕ, ಇಂಥ ಮಕ್ಕಳಿಗೆ ಬೇಗನೆ ನೆರವು ನೀಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು. ತಾಯಂದಿರ ಒಪ್ಪಿಗೆ ಪತ್ರವನ್ನು ಓದಿ ಹೇಳುವಾಗ ಇದನ್ನೂ ತಿಳಿಸಿ, ಪ್ರಬಂಧದ ಪ್ರಸ್ತಾವದಲ್ಲಿಯೂ ಬರೆಯಿರಿ. ಸಲಹಾ ಸಮಿತಿಯವರು ಅಂಕಿಅಂಶಗಳ ಬಗ್ಗೆ ಕೇಳುವುದಕ್ಕಿಂತ ಮೊದಲು ಇದನ್ನೇ ಕೇಳಬಹುದು.